ಮೊದಲನೇ ನೀರು

ಗುರುವಾರ

ನಮ್ಮ ವಿಮಾನ ಇಂಗ್ಲೆಂಡಿನ ಮೇಲೆಲ್ಲೋ ಇದ್ದಾಗ ಮೊಮ್ಮಗಳು ಹುಟ್ಟಿದಳು. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಒಂಬತ್ತು ದಿನ ಬಾಕಿ ಇತ್ತು. ಅದನ್ನು ನಂಬಿಯೇ ನಮ್ಮಾಕಿ ಹುಬ್ಬಳ್ಳಿಯಲ್ಲಿ ಕೌದಿಯ ಕೊನೆಯ ಸುತ್ತು ಹೊಲಿದು, ಕುಂಚಿಗಿಗೆ ಗೊಂಡೆ ಹಚ್ಚಿ, ಅಂಟಿನುಂಡೆ ಕಟ್ಟಿ, ಹೆರಿಗೆಗೆ ಮೊದಲೇ ಮುಟ್ಟುತ್ತೇವೆ ಅಂತ ಸಮಾಧಾನದಿಂದ ಹೊರಟಿದ್ದಳು.

ಶಿಕಾಗೋದ ಓಹೇರ್ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಉಂಡೆಯ ಡಬ್ಬಿ ತೆಗೆಸಿ, ಒಂದನ್ನು ಮೂಗಿನ ಹತ್ತಿರ ಹಿಡಿದು, ಇದೇನು ಎಂದ. 'ಹಡೆದವರು ತಿನ್ನೋದು' ಅನ್ನಲು ನನಗೆ ಇಂಗ್ಲಿಷ್ ಒದಗಲಿಲ್ಲ. 'ಮಗಳು, ಕೂಸು, ಶಕ್ತಿ' ಎಂದು ಮೂರು ಶಬ್ದ ಹೇಳಿದೆ. ನಕ್ಕು ಬಿಟ್ಟುಬಿಟ್ಟ. ಹೊರಗೆ ಅಳಿಯಂದಿರು ಏನೂ ಮಾತಾಡದೆ ಫೋನನ್ನು ನಮ್ಮ ಮುಂದೆ ಹಿಡಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖ, ಮುಚ್ಚಿದ ಕಣ್ಣು. ನಸುಕಿನ 4 ಗಂಟೆ 40 ನಿಮಿಷಕ್ಕೆ ಹುಟ್ಟಿದ್ದು, ತೂಕ 3 ಕಿಲೋ 100 ಗ್ರಾಂ. ನಮ್ಮಾಕಿ ನಿಲ್ದಾಣದ ನಡುವೆ ನಿಂತು ಆ ಫೋನಿಗೇ ದೃಷ್ಟಿ ತೆಗೆದಳು.

ಹುಬ್ಬಳ್ಳಿಯಿಂದ ಭಾವಮೈದುನನ ಫೋನು ಬಂತು. ಕುಂಡಲಿ ಬರೆಸಲು ಯಾವ ಗಳಿಗೆ ಹಿಡಿಯಬೇಕು? ಇಲ್ಲಿಗೂ ಅಲ್ಲಿಗೂ ಹನ್ನೊಂದೂವರೆ ತಾಸಿನ ಫರಕು. ಇಲ್ಲಿ ನಸುಕು, ಅಲ್ಲಿ ಸಂಜೆ. "ಹುಟ್ಟಿದ್ದು ಇಲ್ಲಿ, ಇಲ್ಲಿದೇ ಹಿಡೀರಿ" ಎಂದೆ. ವಿಮಾನದಲ್ಲಿದ್ದ ನಮ್ಮ ಗಡಿಯಾರದಲ್ಲಿ ಆಗ ಮೂರನೆಯದೇ ಒಂದು ಟೈಮು ಇತ್ತು ಅಂತ ಹೇಳಲಿಲ್ಲ. ಅವನ ತಲೆ ಇನ್ನೂ ಕೆಡುತ್ತಿತ್ತು.

ಸಂಜೆ ಆಸ್ಪತ್ರೆಗೆ ಹೋದೆವು. ಮಗಳು ನಮ್ಮನ್ನು ನೋಡಿ ಅಳಲಿಲ್ಲ. ಅವಳ ಕೈಯಲ್ಲಿದ್ದ ತಣ್ಣೀರಿನ ಲೋಟದಲ್ಲಿ ಬರ್ಫದ ತುಂಡುಗಳು ಕಂಡವು. ಅದನ್ನು ನೋಡಿ ಅತ್ತದ್ದು ನಮ್ಮಾಕಿ.

ಶನಿವಾರ

ಎರಡೇ ದಿನಕ್ಕೆ ಮನೆಗೆ ಕಳಿಸಿದರು. ಕೂಸಿನ ಕುರ್ಚಿ ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿ ಸರಿಯಾಗಿ ಕೂತಿದೆಯೇ ಎಂದು ನರ್ಸ್ ಬಂದು ನೋಡಿದ ಮೇಲೆಯೇ ಹೊರಟದ್ದು. ಮಗಳ ಮನೆ ಲಿಂಕನ್ ಸ್ಕ್ವೇರ್ ಎಂಬ ಬಡಾವಣೆಯಲ್ಲಿ, ಇಟ್ಟಿಗೆಯ ಹಳೆಯ ಕಟ್ಟಡ. ಮೇಲೊಂದು ಸಂಸಾರ, ಕೆಳಗೊಂದು. ಅದಕ್ಕೇ ಇದನ್ನು ಟೂ-ಫ್ಲ್ಯಾಟ್ ಎನ್ನುತ್ತಾರೆ. ಕೆಳಗಿನದು ಇವರದು, ಬಾಡಿಗೆ. ಅದರ ಕೆಳಗೆ ನೆಲಮಾಳಿಗೆ. ಬೀದಿಯುದ್ದಕ್ಕೂ ಅಂಥವೇ ಮನೆಗಳು, ನೂರು ವರ್ಷದ ಆಸುಪಾಸಿನವು.

ಮಧ್ಯಾಹ್ನದೊಳಗೆ ಮಲಗುವ ಕೋಣೆ ಬಾಣಂತಿ ಖೋಲಿ ಆಯಿತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದಾಯಿತು. ಹಾಸಿಗೆಯ ಮೇಲೆ ಕೌದಿ. ನಮ್ಮವ್ವನ ಇಳಕಲ್ಲ ಸೀರೆ, ನನ್ನ ಹಳೆಯ ಆಫೀಸಿನ ಅಂಗಿ, ಮಗಳ ಸಾಲಿ ಯೂನಿಫಾರ್ಮು, ಎಲ್ಲದರ ತುಂಡೂ ಅದರಲ್ಲಿದೆ. ನಾನು ಬಾಗಿಲಲ್ಲಿ ನಿಂತಿದ್ದೆ.

"ನೀವು ಇಲ್ಲೆ ನಿಂತು ಏನ್ ಮಾಡ್ತೀರಿ? ಗಾಳಿ ಬರತೈತಿ, ಬಾಗಲಾ ಹಾಕ್ರಿ."

ಒಳಗಿನಿಂದ ಹಾಕಲೋ ಹೊರಗಿನಿಂದಲೋ ಎಂದು ಕೇಳಿದೆ. ಉತ್ತರ ಬರಲಿಲ್ಲ. ಹೊರಗಿನಿಂದ ಹಾಕಿಕೊಂಡೆ.

ಭಾನುವಾರ

ಬೆಳಿಗ್ಗೆ ಎದ್ದರೆ ಒಂದು ತಾಸು ಕಳೆದುಹೋಗಿತ್ತು. ಮಾರ್ಚ್ ತಿಂಗಳ ಎರಡನೇ ಭಾನುವಾರ ಹೆಚ್ಚುಕಡಿಮೆ ಇಡೀ ದೇಶ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಳ್ಳುತ್ತದೆ. ಈಗ ಊರಿಗೂ ಇಲ್ಲಿಗೂ ಹತ್ತೂವರೆ ತಾಸು. "ಅಂದ್ರ ಕೂಸಿನ ಗಳಿಗಿನೂ ಬದಲಾತೇನ್?" ಎಂದು ಭಾವಮೈದುನ ಮತ್ತೆ ಫೋನು ಮಾಡಿದ.

ಇವತ್ತು ಮೊದಲ ಎರೆಯುವುದು. ಎಣ್ಣಿ ಹಚ್ಚಿ, ತಿಕ್ಕಿ, ಬಾಣಂತಿಯ ನಡ ಮುಟ್ಟಿದರೆ ಕೆಂಪಾಗುವಂಥ ನೀರು ಹಾಕಬೇಕು. ಊರಲ್ಲಾದರೆ ತಾಮ್ರದ ಹಂಡೆ, ಒಲೆ, ಹಿತ್ತಲ ಬಚ್ಚಲ. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು. ನಮ್ಮಾಕಿ ಕೈ ಹಾಕಿ ನೋಡಿದಳು. "ಇದಕ್ಕ ಬಿಸಿನೀರು ಅಂತಾರೇನ್ರಿ? ಇದರಾಗ ಅರಿವಿನೂ ಒಗಿಯಾಕ ಆಗೂದಿಲ್ಲ."

ಕೊನೆಗೂ ನನ್ನ ವಿಷಯ ಬಂತು. ಹುಬ್ಬಳ್ಳಿ-ಧಾರವಾಡದ ನೀರು ಸರಬರಾಜಿನಲ್ಲಿ 34 ವರ್ಷ ಸವೆಸಿದವನು ನಾನು. ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದೆ. ಹೀಟರ್ 40 ಗ್ಯಾಲನ್ನಿನದು, ಅಂದರೆ ಸುಮಾರು 150 ಲೀಟರ್. 120 ಫ್ಯಾರನ್‌ಹೀಟಿಗೆ, ನಮ್ಮ ಲೆಕ್ಕದಲ್ಲಿ 49 ಡಿಗ್ರಿಗೆ ಇಟ್ಟಿದ್ದರು. ಮಕ್ಕಳ ಮೈ ಸುಡಬಾರದು ಎಂದು ಇಡುವ ಮಟ್ಟ ಅದು, ತಪ್ಪೇನಿಲ್ಲ. ನೀರಿನ ಮೀಟರಿಗಾಗಿ ಹುಡುಕಿದೆ, ಇರಲಿಲ್ಲ. ಈ ನಗರದಲ್ಲಿ ಮೀಟರಿಲ್ಲದ ಹಳೆಯ ಮನೆಗಳು ಬಹಳ. ಕಟ್ಟಡದ ಅಗಲ, ನಲ್ಲಿಗಳ ಎಣಿಕೆ ನೋಡಿ ದರ ಕಟ್ಟುತ್ತಾರಂತೆ. ಹಾಗಾದರೆ ನಲ್ಲಿ ಬಿಟ್ಟು ಮಲಗಿದರೂ ಅಷ್ಟೇ ದುಡ್ಡು! ನಮ್ಮೂರಲ್ಲಿ ನೀರು ಬರುವುದು ಐದು ದಿನಕ್ಕೊಮ್ಮೆ, ಕೆಲವು ಓಣಿಗಳಲ್ಲಿ ಎಂಟು ದಿನಕ್ಕೊಮ್ಮೆ. ಮೂಲೆಯಲ್ಲಿ ನೆಲದಿಂದ ಮೇಲೆದ್ದ ಬೂದು ಬಣ್ಣದ ಪೈಪೊಂದು ಕಾಣಿಸಿತು. ಅದರ ಕಡೆ ಟಾರ್ಚ್ ತಿರುಗಿಸುವಷ್ಟರಲ್ಲಿ ಮೇಲೆ ಸೈರನ್ನು ಕೂಗತೊಡಗಿತು.

ಓಡಿ ಬಂದೆ. ಎರೆಯುವುದಕ್ಕಿಂತ ಮೊದಲೇ ಕೋಣೆ ಬೆಚ್ಚಗಿರಲಿ ಎಂದು ನಮ್ಮಾಕಿ ಲೋಬಾನ ಹಾಕಿದ್ದಳು. ಹೊಗೆ ಹಿಡಿಯುವ ಯಂತ್ರ ಒಂದು ಕೂಗಿದರೆ ಮನೆಯಲ್ಲಿರುವ ಅಷ್ಟೂ ಕೂಗುತ್ತವೆ. ಅವಳು ಸೆರಗು ಬೀಸುತ್ತಿದ್ದಳು, ಅಳಿಯಂದಿರು ಸ್ಟೂಲ್ ಹತ್ತಿದ್ದರು, ಮೇಲಿನ ಮನೆಯವರು ಕಾಲುಚೀಲದಲ್ಲೇ ಹೊರಗೆ ಹಿಮದ ಮೇಲೆ ನಿಂತಿದ್ದರು. ಕೂಸೊಂದೇ ನಿದ್ದೆ ಮಾಡುತ್ತಿತ್ತು.

ಸಂಜೆ ನನ್ನ ಬಗ್ಗೆ ಒಂದು ತೀರ್ಮಾನವಾಯಿತು. "ಅಪ್ಪಾ, ನೀವು ದಿನಾ ಊರು ನೋಡಿ ಬರ್ರಿ," ಎಂದು ಮಗಳು ರೈಲಿನ ಕಾರ್ಡು ಕೈಗಿಟ್ಟಳು. ಅವಳ ಹಿಂದೆ ಅವ್ವ ನಿಂತಿದ್ದಳು.

ಸೋಮವಾರ

ಇಲ್ಲಿಯ ರೈಲು ಮನೆಗಳ ಮಾಡಿನ ಎತ್ತರಕ್ಕೆ, ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. ಎಲ್ ಎನ್ನುತ್ತಾರೆ. ವೆಸ್ಟರ್ನ್ ನಿಲ್ದಾಣದಲ್ಲಿ ಬ್ರೌನ್ ಲೈನ್ ಹತ್ತಿದರೆ ಜನರ ಹಿತ್ತಲು, ಒಣಹಾಕಿದ ಸೈಕಲ್ಲು, ಅಡುಗೆಮನೆಯ ಕಿಟಕಿ ಎಲ್ಲ ನೋಡುತ್ತ ಹೋಗಬಹುದು. ಪರರ ಮನೆ ಇಣುಕಿದ ಪಾಪ ರೈಲಿನವರಿಗೆ.

ಶಿಕಾಗೋ ಅವೆನ್ಯೂದಲ್ಲಿ ಇಳಿದು ಸಮುದ್ರದಂಥ ಗಾಳಿಗೆದುರಾಗಿ ನಡೆದರೆ ಮಿಶಿಗನ್ ಅವೆನ್ಯೂದಲ್ಲಿ ವಾಟರ್ ಟವರ್. ಸುತ್ತಲಿನ ಗಾಜಿನ ಕಟ್ಟಡಗಳ ನಡುವೆ ಹಳದಿ ಕಲ್ಲಿನ ಪುಟ್ಟ ಕೋಟೆ. ಜನ ಫೋಟೋ ತೆಗೆದುಕೊಂಡು ಅಂಗಡಿಗಳ ಕಡೆ ಹೋಗುತ್ತಾರೆ. ನಾನು ಎರಡು ತಾಸು ಅಲ್ಲೇ ಇದ್ದೆ. 1869ರ ಈ ಕೋಟೆಯ ಒಳಗೆ ಇದ್ದದ್ದು ಒಂದು ಪೈಪು ಮಾತ್ರ, 138 ಅಡಿ ಎತ್ತರದ್ದು. ಎದುರಿನ ಪಂಪ್‌ಹೌಸಿನ ಉಗಿಯಂತ್ರ ನೀರನ್ನು ಬಡಿಬಡಿದು ತಳ್ಳುತ್ತಿತ್ತು. ಆ ಬಡಿತವನ್ನು ನುಂಗಿ ಒತ್ತಡ ಸಮ ಮಾಡುವುದು ಈ ನಿಂತ ಪೈಪಿನ ಕೆಲಸ. ನಮ್ಮಲ್ಲೂ ಪಂಪ್ ಕೂತ ಕಡೆಯೆಲ್ಲ ಇದೇ ತಾಪತ್ರಯ, ನಾವು ಬೇರೆ ಉಪಾಯ ಮಾಡುತ್ತೇವೆ. ಆದರೆ ಒಂದು ಪೈಪಿಗೆ ಕೋಟೆ ಕಟ್ಟಿಸುವ ಧೈರ್ಯ ನಮ್ಮ ಯಾವ ಎಸ್ಟಿಮೇಟಿನಲ್ಲೂ ಇರಲಿಲ್ಲ.

1871ರ ಅಕ್ಟೋಬರಿನಲ್ಲಿ ಊರು ಸುಟ್ಟಿತು. ಸುಮಾರು 300 ಜನ ಸತ್ತರು, ಲಕ್ಷ ಜನ ಬೀದಿಗೆ ಬಂದರು. ಪಂಪ್‌ಹೌಸಿನ ಮಾಡು ಸುಟ್ಟು ಬಿದ್ದು ಪಂಪುಗಳು ನಿಂತವು. ಅಲ್ಲಿಗೆ ಬೆಂಕಿ ಆರಿಸುವವರ ಕೈಯಲ್ಲಿ ಬರೀ ಕೊಳವೆ ಉಳಿಯಿತು. ಕಲ್ಲಿನ ಗೋಪುರ ಉಳಿಯಿತು, ಪಂಪ್‌ಹೌಸಿನ ಗೋಡೆಗಳೂ ಉಳಿದವು. ಪಂಪ್‌ಹೌಸು ಇಂದಿಗೂ ನೀರು ತಳ್ಳುತ್ತಿದೆ. ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದೆ. ನೀಲಿ ಪೈಪು, ಮೋಟಾರು, ಎಣ್ಣೆ ಕಲೆ. ಮನೆಗೆ ಬಂದಂತಾಯಿತು.

ಅಲ್ಲಿಂದ ಸರೋವರಕ್ಕೆ ಹತ್ತು ನಿಮಿಷ. ಮಿಶಿಗನ್ ಸರೋವರದ ಆಚೆ ದಂಡೆ ಕಾಣುವುದಿಲ್ಲ. ಅಂಚಿನಲ್ಲಿ ಒಡೆದ ಹಿಮದ ಹಲಗೆಗಳು ಒಂದಕ್ಕೊಂದು ತಾಗಿ ಗಾಜಿನ ಬಳೆಯ ಸದ್ದು ಮಾಡುತ್ತಿದ್ದವು. ದೂರದಲ್ಲಿ ನೀರಿನ ನಡುವೆ ಮೋಟು ಕಟ್ಟಡವೊಂದು ಕಂಡಿತು. ಅದಕ್ಕೆ ಕ್ರಿಬ್ ಎಂದು ಹೆಸರು: ಸರೋವರದ ತಳದಡಿಯ ಸುರಂಗಕ್ಕೆ ನೀರು ಇಳಿಯುವ ಬಾಯಿ. ಮೊದಲನೆಯ ಸುರಂಗ 1867ರಲ್ಲಿ ಮುಗಿದದ್ದು, ಎರಡು ಮೈಲಿ. ದಂಡೆಯ ಹತ್ತಿರದ ನೀರೆಲ್ಲ ಊರಿನ ಹೊಲಸಿನಿಂದ ಕೆಟ್ಟಿತ್ತು, ನಲ್ಲಿಯಲ್ಲಿ ಸಣ್ಣ ಮೀನುಗಳೂ ಬರುತ್ತಿದ್ದವು. ಅದಕ್ಕೇ ಅಷ್ಟು ದೂರ ಹೋದರು. ಎಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರನ ಕೆಲಸ ಅದು. ಅದಕ್ಕೂ ಮೊದಲು ಚರಂಡಿ ಹಾಕಲು ನೆಲ ತೀರ ತಗ್ಗು ಎಂದು ಆತ ಊರನ್ನೇ ಎತ್ತರಿಸಲು ಹೇಳಿದ. ಎತ್ತಿದರು! ಇಡೀ ಕಟ್ಟಡಗಳ ಕೆಳಗೆ ಸ್ಕ್ರೂ ಜ್ಯಾಕುಗಳನ್ನಿಟ್ಟು, ಸೀಟಿ ಊದಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ. 1861ರಲ್ಲಿ ಟ್ರೆಮಾಂಟ್ ಹೌಸ್ ಎಂಬ ಇಟ್ಟಿಗೆಯ ಹೋಟೆಲನ್ನು ಒಳಗೆ ಅತಿಥಿಗಳು ಇರುವಾಗಲೇ ಎತ್ತಿದರು.

ಇದನ್ನೆಲ್ಲ ರಾತ್ರಿ ಊಟದಲ್ಲಿ ಹೇಳಿದೆ. ಮಗಳಿಗೆ ಕೂತಲ್ಲೇ ಜೊಂಪು. ನಮ್ಮಾಕಿಯ ಲಕ್ಷ್ಯವೆಲ್ಲ ಬೇರೆಡೆ, ಏಕೆಂದರೆ ಇವತ್ತು ಐದನೇ ದಿನ. ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ತಲೆದಸಿಯಲ್ಲಿ ಬಿಳಿ ಹಾಳೆ, ಪೆನ್ನು ಇಡಬೇಕು. ಈ ಮನೆಯಲ್ಲಿ ಪೆನ್ನೇ ಇಲ್ಲ, ಎಲ್ಲರದೂ ಬೆರಳಲ್ಲಿ ಬರೆಯುವ ಕೆಲಸ. ಕಡೆಗೆ ನನ್ನ ಜೇಬಿನ ಪೆನ್ನೇ ಹೋಯಿತು.

ಮಂಗಳವಾರ

ಪಟ್ಟಿ ಕೊಟ್ಟು ಡೆವೋನ್ ಅವೆನ್ಯೂಗೆ ಅಟ್ಟಿದರು. ಉತ್ತುತ್ತಿ, ಕೊಬ್ಬರಿ, ಒಣಶುಂಠಿ, ಓಂಕಾಳು, ಮೆಂತೆ, ಬಳ್ಳೊಳ್ಳಿ, ಸಬ್ಬಸಗಿ ಸೊಪ್ಪು, ಖಸಖಸಿ. ವೆಸ್ಟರ್ನ್ ಅವೆನ್ಯೂದ ಬಸ್ಸು ನೇರ ಅಲ್ಲಿಗೆ ಬಿಡುತ್ತದೆ. ಆ ಒಂದೇ ರಸ್ತೆಗೆ ಗೌರವಾರ್ಥ ಫಲಕಗಳು: ಒಂದು ತುಂಡು ಗಾಂಧಿ ಮಾರ್ಗ, ಇನ್ನೊಂದು ತುಂಡು ಮಹಮ್ಮದ್ ಅಲಿ ಜಿನ್ನಾ ವೇ, ಮತ್ತೊಂದು ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಹೆಸರಿನದು. ಮೂವರೂ ಒಂದೇ ಓಣಿಯಲ್ಲಿ ನೆರೆಹೊರೆ. ಅಮೆರಿಕದ ತುಂಬ ಹರಡಿರುವ ಪಟೇಲ್ ಬ್ರದರ್ಸ್ ಅಂಗಡಿ 1974ರಲ್ಲಿ ಶುರುವಾದದ್ದು ಇದೇ ರಸ್ತೆಯಲ್ಲಿ.

ಸಬ್ಬಸಗಿ ಸೊಪ್ಪು ಸಿಕ್ಕಿತು, ಆದರೆ ಒಂದು ಕಟ್ಟಿನ ದರ ಕೇಳಿ ರೂಪಾಯಿಗೆ ಗುಣಿಸಿದ್ದು ನನ್ನ ತಪ್ಪು. ಗುಣಿಸಬೇಡಿ ಎಂದು ಅಳಿಯಂದಿರು ಮೊದಲೇ ಹೇಳಿದ್ದರು. ಪಕ್ಕದಲ್ಲಿ ಗುಂಟೂರಿನ ಹಿರಿಯರೊಬ್ಬರು ಅದೇ ಸೊಪ್ಪಿನ ಮುಂದೆ ಅದೇ ಲೆಕ್ಕ ಮಾಡುತ್ತಿದ್ದರು. "ಮಗಳೋ, ಸೊಸೆಯೋ?" ಎಂದು ಕೇಳಿದರು. ಮಗಳು ಎಂದೆ. "ನನಗೆ ಸೊಸೆ. ನೀವೇ ಪುಣ್ಯವಂತರು, ನಿಮಗೆ ಬೈಯುವವರು ನಿಮ್ಮವರೇ." ಇಬ್ಬರೂ ಎರಡೆರಡು ಕಟ್ಟು ತೆಗೆದುಕೊಂಡೆವು.

ಗುರುವಾರ

ಬುಧವಾರ ಮಳೆ, ಹಿಮ, ಮತ್ತೆ ಮಳೆ. ಬರೆಯುವಂಥದ್ದೇನೂ ನಡೆಯಲಿಲ್ಲ.

ಇವತ್ತು ಆರ್ಟ್ ಇನ್‌ಸ್ಟಿಟ್ಯೂಟ್. ಬಾಗಿಲಲ್ಲಿ ಎರಡು ಕಂಚಿನ ಸಿಂಹ. ಮುಂದಿನ ರಸ್ತೆಗೆ ಸ್ವಾಮಿ ವಿವೇಕಾನಂದ ವೇ ಎಂಬ ಕಂದು ಫಲಕ. 1893ರ ಸೆಪ್ಟೆಂಬರ್ 11ರಂದು ಅವರು ಮಾತಾಡಿದ್ದು ಈ ಕಟ್ಟಡದಲ್ಲೇ. ಆ ಸಭಾಂಗಣ ಈಗ ಹಾಗೆಯೇ ಉಳಿದಿಲ್ಲ. ಅದಕ್ಕೂ ಮೊದಲು, 1892ರ ಅಕ್ಟೋಬರಿನಲ್ಲಿ ಅವರು ಬೆಳಗಾವಿಯಲ್ಲಿ ತಂಗಿದ್ದರು. ಅಳಿಯಂದಿರ ಊರು ಬೆಳಗಾವಿ. "ಅವರು ಬಂದದ್ದೂ ನಮ್ಮೂರ ಮ್ಯಾಲೇ, ಮಾಮಾ," ಎಂದು ಅವರು ಬೆಳಿಗ್ಗೆ ನಗುತ್ತಲೇ ಹೇಳಿದ್ದರು.

ಒಳಗೆ ಸ್ಯೂರಾ ಎಂಬ ಫ್ರೆಂಚ್ ಚಿತ್ರಕಾರನ ದೊಡ್ಡ ಚಿತ್ರ, ನದಿ ದಂಡೆಯ ಭಾನುವಾರದ್ದು. ಹತ್ತಿರ ಹೋದರೆ ಬರೀ ಚುಕ್ಕೆ. ಹಿಂದೆ ಸರಿದರೆ ನೀರು. ಹಿಂದೆ ಮುಂದೆ ಆರು ಸಲ ಓಡಾಡಿದ ನನ್ನನ್ನು ಕಾವಲಿನ ಹೆಣ್ಣುಮಗಳು ಗಮನಿಸುತ್ತಿದ್ದಳು.

ಮನೆಗೆ ಬಂದರೆ ಎಲ್ಲರ ಮುಖ ಗಂಟು. ಕೂಸಿನ ತೂಕ ಇಳಿದಿದೆ, ಕೆಲವು ದಿನ ಮೇಲುಹಾಲು ಕೊಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮಾಕಿಗೆ ಅದು ತನ್ನ ಸಬ್ಬಸಗಿ ಸೊಪ್ಪಿಗೆ, ಬಳ್ಳೊಳ್ಳಿ ಖಾರಕ್ಕೆ, ತನಗೇ ಆದ ಅವಮಾನ. "ನಾಲ್ಕು ದಿನ ತಡೀರಿ ಅಂದ್ರ ಕೇಳೂದಿಲ್ಲ, ಪುಡಿ ಹಾಲಂತ ಪುಡಿ!" ಮಗಳು ಮಾತಾಡಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಬಾಟಲಿಗೆ ಪುಡಿ ಹಾಕಿ, ನಲ್ಲಿಯ ಕೆಂಪು ಗುರುತಿನ ಕಡೆ ತಿರುಗಿಸಿ, ಬಿಸಿನೀರು ಹಿಡಿದು ಅಲ್ಲಾಡಿಸಿದಳು. ಕೂಸು ಗಟಗಟ ಕುಡಿಯಿತು.

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೆಲಮಾಳಿಗೆಯ ಮೂಲೆಯ ಬೂದು ಪೈಪು ಕಣ್ಣ ಮುಂದೆಯೇ ಇತ್ತು.

ಶುಕ್ರವಾರ

ಐದಕ್ಕೇ ಎದ್ದು ಕೆಳಗಿಳಿದೆ. ಪೈಪಿನ ಕೀಲಿನ ಹತ್ತಿರ ಈರುಳ್ಳಿಯಂಥ ಉಬ್ಬು ಇತ್ತು. ಫ್ರಿಜ್ಜಿನ ಬಾಗಿಲ ಮೇಲಿಂದ ಕಿತ್ತು ತಂದ ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ನಾಣ್ಯದಿಂದ ಗೀರಿದೆ. ಮೆತ್ತಗೆ ಕೆರೆದು ಬಂತು, ಕೆಳಗೆ ಬೆಳ್ಳಿಯ ಹೊಳಪು.

ಸೀಸ. ಇದನ್ನು ಗುರುತಿಸಲು ನನಗೆ ನಾಣ್ಯವೂ ಬೇಕಿರಲಿಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಮಾಡಿಸಿದ್ದೇ ಲೆಡ್ ಜಾಯಿಂಟು. ಬೀಡು ಕಬ್ಬಿಣದ ಪೈಪಿನ ಬಾಯಿಗೆ ಸೆಣಬು ತುರುಕಿ, ಕೆಂಡದ ಮೇಲೆ ಸೀಸ ಕರಗಿಸಿ, ಸುತ್ತಲೂ ಹೊಯ್ದು, ಉಳಿಯಿಂದ ಬಡಿದು ಕೂಡಿಸುವುದು. ಆದರೆ ಅಲ್ಲಿ ಸೀಸ ಕೀಲಿನಲ್ಲಿ ಬೆರಳಗಲ. ಇಲ್ಲಿ ಬೀದಿಯ ದೊಡ್ಡ ಪೈಪಿನಿಂದ ಮನೆಯೊಳಗಿನ ತನಕ ಪೈಪೇ ಸೀಸದ್ದು. ಶಿಕಾಗೋದಲ್ಲಿ ಇಂಥ ಜೋಡಣೆಗಳು 4 ಲಕ್ಷದ ಆಸುಪಾಸು, ಅಮೆರಿಕದ ಬೇರೆ ಯಾವ ನಗರದಲ್ಲೂ ಇಷ್ಟಿಲ್ಲ. ಸೀಸವೇ ಇರಬೇಕು ಎಂದು ಇಲ್ಲಿಯ ಕಟ್ಟಡ ನಿಯಮವೇ ಹೇಳುತ್ತಿತ್ತು, 1986ರಲ್ಲಿ ದೇಶಕ್ಕೆಲ್ಲ ನಿಷೇಧ ಬರುವವರೆಗೆ. ಬಾಗುತ್ತದೆ, ಒಡೆಯುವುದಿಲ್ಲ, ಬಹುಕಾಲ ಬಾಳುತ್ತದೆ. ಎಂಜಿನಿಯರನ ಕಣ್ಣಿಗೆ ಒಳ್ಳೆಯ ಮಾಲೇ. ಕೂಸಿನ ಮಿದುಳಿಗೆ ಮಾತ್ರ ಅದು ವಿಷ, ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ.

ಸರೋವರದಿಂದ ಶುದ್ಧವಾಗಿ ಹೊರಟ ನೀರಿನಲ್ಲಿ ಸೀಸವಿರುವುದಿಲ್ಲ. ಪೈಪಿನ ಒಳಮೈಗೆ ತೆಳು ಪದರು ಕೂರಲೆಂದು ಅದಕ್ಕೆ ಫಾಸ್ಫೇಟನ್ನೂ ಬೆರೆಸುತ್ತಾರೆ. ಆದರೂ ರಾತ್ರಿಯಿಡೀ ಈ ಕೊನೆಯ ಮೂವತ್ತು ನಾಲ್ವತ್ತು ಅಡಿಯಲ್ಲಿ ನಿಂತ ನೀರು ಒಂದಿಷ್ಟು ಕರಗಿಸಿಕೊಳ್ಳುತ್ತದೆ. ಬಿಸಿನೀರು ಇನ್ನೂ ಹೆಚ್ಚು. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಂತೆ ಉಳಿದದ್ದರಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ.

ಮೇಲೆ ಬಂದೆ. ಮಗಳು ಮತ್ತೆ ಬಾಟಲಿ ಹಿಡಿದು ನಲ್ಲಿಯ ಮುಂದೆ ನಿಂತಿದ್ದಳು.

"ಯವ್ವಾ, ಆ ನೀರು ಬ್ಯಾಡ."

ನನ್ನ ದನಿಗೆ ಅವಳು ಬೆದರಿದಳು. ಮೆಲ್ಲಗೆ ಹೇಳಿದೆ. ಅಳು ಬಂತು ಅವಳಿಗೆ, ಬಸುರಿಯಿದ್ದಾಗಿನಿಂದ ಕುಡಿದ ನೀರೆಲ್ಲ ನೆನಪಾಗಿ. ಎದೆಹಾಲಿನ ಲೆಕ್ಕ ಬೇರೆ, ಗಾಬರಿಯಾಗಬೇಡ, ಮೊದಲು ಪರೀಕ್ಷೆ ಮಾಡಿಸೋಣ ಎಂದೆ. ನಮ್ಮಾಕಿ ಬಂದು ಏನು ಎತ್ತ ಕೇಳಿದಳು. ಕೇಳಿ, ಈ ವಾರದಲ್ಲಿ ಮೊದಲ ಬಾರಿ ನನ್ನನ್ನು ಕೂರಿಸಿ ಚಹಾ ಕೊಟ್ಟಳು. "ಎರಿಯಾಕ ನಡೀತೈತೇನ್ರಿ ಈ ನೀರು?" ಮೈಗೆ ನಡೆಯುತ್ತದೆ, ಚರ್ಮದಿಂದ ಇಳಿಯುವುದಿಲ್ಲ, ಬಾಯಿಗೆ ಹೋಗಬಾರದು ಅಷ್ಟೇ ಎಂದೆ.

ಅಳಿಯಂದಿರು ನಗರಾಡಳಿತದ 311 ನಂಬರಿಗೆ ಫೋನು ಮಾಡಿ ನಗರದವರು ಬಿಟ್ಟಿಯಾಗಿ ಕೊಡುವ ಪರೀಕ್ಷೆಯ ಬಾಟಲಿಗಳನ್ನು ಬರೆಸಿದರು. ಸೀಸ ಹಿಡಿಯುವ ಫಿಲ್ಟರ್ ಹೂಜಿ, ಡಬ್ಬದ ಮೇಲೆ ಎನ್ಎಸ್ಎಫ್ 53 ಎಂದು ಬರೆದಿರುವಂಥದ್ದೇ ಬೇಕು ಎಂದು ಹೇಳಿ ಕಳಿಸಿದೆ. ಮನೆಯ ಮಾಲೀಕ ಮಾತ್ರ ಫೋನಿನಲ್ಲಿ ತಣ್ಣಗಿದ್ದ. ಈ ಬೀದಿಗೆಲ್ಲ ಹಾಗೇ ಎಂದ.

ನಿಯಮ ಬರೆದಿಡಲು ಹಾಳೆ ಬೇಕಿತ್ತು. ಶೆಟಿಗೆವ್ವನಿಗೆ ಇಟ್ಟಿದ್ದ ಬಿಳಿ ಹಾಳೆ, ಪೆನ್ನು ಕಪಾಟಿನ ಮೇಲೇ ಇದ್ದವು. ಬರೆದೆ: ಬೆಳಿಗ್ಗೆ ತಣ್ಣೀರು ನಲ್ಲಿ 5 ನಿಮಿಷ ಬಿಡುವುದು. ಕುಡಿಯಲು, ಅಡುಗೆಗೆ, ಬಾಟಲಿಗೆ ಬಿಸಿನೀರು ನಲ್ಲಿ ಮುಟ್ಟಬಾರದು. ಫಿಲ್ಟರಿನ ನೀರೇ ಕಾಸುವುದು. ಫ್ರಿಜ್ಜಿಗೆ ಅಂಟಿಸಿದೆ.

"ಅಯ್ಯ, ಆಕಿ ಹಾಳಿ ಮ್ಯಾಲೆ ನೀವು ಬರದ್ರೇನು!" ಎಂದು ನಮ್ಮಾಕಿ ಬೈದಳು. ಆದರೆ ಕೀಳಲಿಲ್ಲ.

ಶನಿವಾರ

ಇವತ್ತು ನದಿಗೆ ಹಸಿರು ಬಣ್ಣ ಹಾಕುವ ದಿನ. ಐರಿಷ್ ಜನರ ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ 1962ರಿಂದ ನಡೆದುಬಂದದ್ದು, ಹಾಕುವವರು ಪ್ಲಂಬರುಗಳ ಸಂಘದವರು. ಪ್ಲಂಬರುಗಳೇಕೆ? ನದಿಗೆ ಯಾವ ಕಟ್ಟಡದ ಹೊಲಸು ಕದ್ದು ಸೇರುತ್ತಿದೆ ಎಂದು ಪತ್ತೆ ಮಾಡಲು ಅವರು ಚರಂಡಿಗೆ ಬಣ್ಣ ಬಿಡುತ್ತಿದ್ದರು. ಒಬ್ಬನ ಬಟ್ಟೆಯೆಲ್ಲ ಹಸಿರಾದದ್ದು ನೋಡಿ ಯಾರಿಗೋ ಈ ಯೋಚನೆ ಹೊಳೆಯಿತು. ಮೊದಲ ವರ್ಷ 100 ಪೌಂಡ್ ಸುರಿದು ನದಿ ಒಂದು ವಾರ ಹಸಿರಾಗಿಯೇ ಇತ್ತು. ಆಮೇಲೆ ಅಳತೆ ಇಳಿಸಿ, ಸಸ್ಯಜನ್ಯ ಬಣ್ಣಕ್ಕೆ ಬದಲಾಯಿಸಿದರು.

ಹತ್ತು ಗಂಟೆಗೆ ದೋಣಿ ಬಂತು. ಹಿಟ್ಟು ಸಾಣಿಸುವ ಜರಡಿಯಲ್ಲಿ ಕಿತ್ತಳೆ ಪುಡಿ ಉದುರಿಸುತ್ತಾರೆ, ನೀರಿಗೆ ಬಿದ್ದ ಕೂಡಲೇ ಗಿಣಿ ಹಸಿರು. ದಂಡೆಯಲ್ಲಿ ಜಾತ್ರೆ. ಎಲ್ಲರೂ ಬಣ್ಣ ನೋಡುತ್ತಿದ್ದರು. ನಾನು ಅದು ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತಿದ್ದೆ. ನಿಧಾನಕ್ಕೆ, ಸರೋವರಕ್ಕೆ ಬೆನ್ನು ಹಾಕಿ ಪಶ್ಚಿಮಕ್ಕೆ.

ಈ ನದಿ ಮೊದಲು ಸರೋವರಕ್ಕೇ ಹೋಗುತ್ತಿತ್ತು, ಊರಿನ ಹೊಲಸನ್ನೆಲ್ಲ ಹೊತ್ತು, ಕುಡಿಯುವ ನೀರಿಗೇ. ಎರಡು ಮೈಲಿ ಸುರಂಗವೂ ಸಾಲದೆ, 28 ಮೈಲಿ ಕಾಲುವೆ ತೋಡಿ 1900ರ ಜನವರಿಯಲ್ಲಿ ನದಿಯನ್ನೇ ತಿರುಗಿಸಿದರು. ಹೊಲಸು ಇಲಿನಾಯ್ ನದಿ ಹಿಡಿದು ಮಿಸಿಸಿಪ್ಪಿಗೆ ಹೋಯಿತು. ಕೆಳಗಿನ ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 1906ರಲ್ಲಿ ಸೋತಿತು. ನನಗೆ ನಗು ಬಂತು. ಪಶ್ಚಿಮಕ್ಕೆ ಹರಿಯುವ ಮಹದಾಯಿಯ ಒಂದಿಷ್ಟು ನೀರನ್ನು ಪೂರ್ವದ ಮಲಪ್ರಭೆಗೆ ತಿರುಗಿಸಿ ಅಂತ ನಮ್ಮ ಮಂದಿ ಎಷ್ಟು ಬಂದ್ ಮಾಡಿಲ್ಲ, ನಾನೇ ಎಷ್ಟು ಟಿಪ್ಪಣಿ ಬರೆದಿಲ್ಲ! 2018ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂದ ಮೇಲೂ ಕಳಸಾ-ಬಂಡೂರಿ ನೀರು ಹುಬ್ಬಳ್ಳಿಯ ನಲ್ಲಿಗೆ ಮುಟ್ಟಿಲ್ಲ. ಇವರು ಇಡೀ ನದಿಯನ್ನೇ ತಿರುಗಿಸಿ, ಅದಕ್ಕೆ ಬಣ್ಣ ಬೇರೆ ಹಚ್ಚುತ್ತಾರೆ.

ಪಕ್ಕದಲ್ಲಿ ಹಸಿರು ಟೊಪ್ಪಿಗೆಯ ಗಡ್ಡದ ಮನುಷ್ಯ. ಮಾತಿಗೆ ಮಾತು ಬಂತು, ಆತ ನಿವೃತ್ತ ಪ್ಲಂಬರ್. ನಾನು ಯಾರೆಂದು ಹೇಳಿ, ಕುಡಿಯುವ ಪೈಪಿಗೆ ಗಟಾರ ಎಲ್ಲಿ ಸೇರುತ್ತಿದೆ ಎಂದು ಹುಡುಕಲು ನಾವೂ ಬಣ್ಣ ಬಿಡುತ್ತಿದ್ದೆವು ಎಂದೆ. ನೀರು ದಿನಕ್ಕೊಮ್ಮೆಯೂ ಬರದಿದ್ದರೆ ಪೈಪು ಬರಿದಾಗಿ ಬಿರುಕಿನಲ್ಲಿ ಹೊರಗಿನದನ್ನು ಒಳಗೆಳೆಯುತ್ತದೆ, ಅದೇ ನಮ್ಮ ರೋಗ. ಆತ ಕೈ ಹಿಡಿದು ಗಟ್ಟಿಯಾಗಿ ಕುಲುಕಿದ. ಮಗಳ ಮನೆಯ ಪೈಪಿನ ಸಂಗತಿ ಹೇಳಿದೆ. ನನ್ನ ಮನೆಗೂ ಅದೇ ಎಂದ. "ನಮ್ಮ ಕಸುಬಿನ ಹೆಸರೇ ಅದರಿಂದ ಬಂದದ್ದು, ಸೀಸಕ್ಕೆ ಲ್ಯಾಟಿನ್ನಿನಲ್ಲಿ ಪ್ಲಂಬಂ. ನನ್ನ ಕೈಯಿಂದಲೇ ಎಷ್ಟೋ ಹಾಕಿದ್ದೇನೆ." ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಹಸಿರು ನೋಡಿದೆವು.

ಭಾನುವಾರ

ಅಳಿಯಂದಿರ ಜೊತೆ ಲೆಮಾಂಟಿನ ದೇವಸ್ಥಾನಕ್ಕೆ. ಗುಡ್ಡದ ಮೇಲೆ ಬಿಳಿ ಗೋಪುರ, ರಾಮನ ಗುಡಿ. ದಾರಿಯಲ್ಲಿ ಆ ಕಾಲುವೆಯನ್ನು ದಾಟಿದೆವು. ನೇರ, ಬೂದು, ಗೆರೆ ಎಳೆದಂತೆ. ವಾಟರ್ ಟವರಿನ ಹಳದಿ ಕಲ್ಲು ಬಂದದ್ದೂ ಈ ಭಾಗದ ಗಣಿಗಳಿಂದ. ಕ್ಯಾಂಟೀನಿನಲ್ಲಿ ಇಡ್ಲಿ ಚೆನ್ನಾಗಿತ್ತು.

ಮಂಗಳವಾರ, ಹದಿಮೂರನೇ ದಿನ

ಬೆಳಿಗ್ಗೆ ತೂಕ. ಕೂಸು ಹುಟ್ಟಿದಾಗಿನ ತೂಕಕ್ಕೆ ಮುಟ್ಟಿತ್ತು. ಪುಡಿ ಹಾಲು ಸಾಕು ಎಂದರು ಡಾಕ್ಟರು. "ನಾ ಹೇಳಲಿಲ್ಲೇನು?" ಎಂದಳು ನಮ್ಮಾಕಿ. ಗೆದ್ದದ್ದು ಪುಡಿಯೋ ಸೊಪ್ಪೋ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ.

ಸಂಜೆ ಆರೂವರೆಗೆ ತೊಟ್ಟಿಲು. ಪರಿಚಯದ ಮೂರು ಕನ್ನಡದ ಮನೆಯವರು, ಮೇಲಿನ ಮನೆಯ ದಂಪತಿ. ಬೆಳಗಾವಿಯಲ್ಲಿ ಆಗ ನಸುಕಿನ ಐದು. ಹೆಸರಿಡುವ ಹಕ್ಕು ಸೋದರತ್ತೆಯದು, ಅಳಿಯಂದಿರ ಅಕ್ಕ ಫೋನಿನ ಪರದೆಯಲ್ಲಿ ಸೀರೆ ಉಟ್ಟು ಸಜ್ಜಾಗಿ ಕೂತಿದ್ದರು. ಫೋನನ್ನು ಕೂಸಿನ ಕಿವಿಗೆ ಹಿಡಿದೆವು. ಕುರ್‌ರ್ ಎಂದು ಕೂಗಿ ಅವರು ಹೆಸರು ಹೇಳಿದ್ದೇ ತಡ, ಅಲ್ಲಿ ಹೆಂಗಸರೆಲ್ಲ ಸೇರಿ ಅವರ ಬೆನ್ನಿಗೆ ಗುದ್ದಿದರು. ಫೋನು ಕೈಜಾರಿ ಪರದೆಯ ತುಂಬ ಬೆಳಗಾವಿಯ ಛತ್ತು. ಮೇಲಿನ ಮನೆಯವರಿಗೆ ಗುದ್ದು ಏಕೆಂದು ವಿವರಿಸಲು ಯಾರಿಂದಲೂ ಆಗಲಿಲ್ಲ. ನನಗೂ ಗೊತ್ತಿಲ್ಲ.

ಬುಧವಾರ

ಬೆಳಿಗ್ಗೆ ಐದು. ಈಗ ಇದು ನನ್ನ ಡ್ಯೂಟಿ. ಅಡುಗೆಮನೆಯ ದೀಪ ಹಾಕಿ, ತಣ್ಣೀರು ನಲ್ಲಿ ತಿರುಗಿಸಿ, ಗಡಿಯಾರ ನೋಡುತ್ತ ನಿಲ್ಲುವುದು. ಹುಬ್ಬಳ್ಳಿಯಲ್ಲಿ 34 ವರ್ಷ ಓಣಿ ಓಣಿಗೆ ಇದನ್ನೇ ಹೇಳಿದ್ದೇನೆ: ನೀರು ಬಿಟ್ಟ ಕೂಡಲೇ ಹಿಡಿಯಬ್ಯಾಡ್ರಿ, ಮೊದಲನೇ ನೀರು ಹೋಗಲಿ. ಯಾರೂ ಕೇಳಿಲ್ಲ. ಎಂಟು ದಿನ ಕಾದ ಹೆಣ್ಣುಮಕ್ಕಳು ಮೊದಲನೇ ನೀರು ಚೆಲ್ಲುವುದು ಹೇಗೆ?

ಇಲ್ಲಿ, ಕಣ್ಣಿಗೆ ಕಾಣುವಷ್ಟೂ ನೀರಿರುವ ಊರಿನಲ್ಲಿ, ನನ್ನಿಂದಲೂ ಆಗಲಿಲ್ಲ. ಗಟಾರಿಗೆ ಬಿಡುವ ಬದಲು ಬಕೆಟ್ ಹಿಡಿದೆ. ಐದು ನಿಮಿಷಕ್ಕೆ ಎರಡು ಬಕೆಟ್ ತುಂಬಿ, ಮೂರನೆಯದೂ ಅರ್ಧ. ಆಮೇಲೆ ಫಿಲ್ಟರಿನ ಹೂಜಿ, ಎರಡು ಪಾತ್ರೆ, ಒಂದು ತಂಬಿಗೆ. ಕಟ್ಟೆಯ ಮೇಲೆ ಸಾಲಾಗಿ ಮುಚ್ಚಿಟ್ಟಾಗ ಅಡುಗೆಮನೆ ಹುಬ್ಬಳ್ಳಿಯ ನಮ್ಮ ಹೆಗ್ಗೇರಿಯ ಮನೆಯಂತೆಯೇ ಕಂಡಿತು.

ಕೂಸು ಎದ್ದ ಸದ್ದು. ಖೋಲಿಯ ಬಾಗಿಲು ಒಂದಿಷ್ಟು ತೆರೆಯಿತು.

"ಮೊದಲನೇ ನೀರು ಚೆಲ್ಲಿದ್ರೇನ್ರಿ?"

"ಬಕೆಟ್ಟಿನ್ಯಾಗೈತಿ."

"ಹಂಗಾರ ಕೂಸಿನ ಅರಿವಿ ನೆನಿ ಹಾಕ್ರಿ. ಬಾಗಲಾ ತಗದs ಇಡ್ರಿ, ಕೂಸು ದೀಪ ನೋಡಾಕತ್ತೇತಿ."